ವಕೀಲರು ಬಿಟ್ಟುಹೋದ ಡೈರಿ

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಉತ್ತರಕ್ರಿಯೆಯ ದಿನ ಹಂಚುವ ನುಡಿನಮನದ ಹಾಳೆ ತೆಗೆದು ನೋಡಿ. ಹೋದವರು ವಕೀಲರಾಗಿದ್ದರೆ ‘ಹೆಸರಾಂತ ನ್ಯಾಯವಾದಿ, ಸರಳ ಸಜ್ಜನ, ವತ್ಸಲ ತಂದೆ’ ಎಂದಿರುತ್ತದೆ. ಸುಳ್ಳಲ್ಲ. ಆದರೆ ಆ ಮಾತು ಯಾರ ಫೋಟೋದ ಕೆಳಗೂ ಕೂರುತ್ತದೆ. ಅವರೇ ಎದುರು ಬಂದು ನಿಲ್ಲಬೇಕಾದರೆ ಅವರು ಕೋರ್ಟಿನ ಕೇಸುಗಳ ದಿನಾಂಕ ಬರೆದಿಡುತ್ತಿದ್ದ ಡೈರಿ ಬಿಡಿಸಬೇಕು.

ಅದನ್ನು ನೆನಪಿಗೆಂದು ತೆರೆಯುವುದು ಆಮೇಲೆ. ಮೊದಲು ಕಕ್ಷಿದಾರರಿಗಾಗಿ ತೆರೆಯಿರಿ. ಸೂತಕ ಕಳೆಯಲಿ ಎಂದು ಕಾಯಬೇಡಿ. ವಕೀಲರು ತೀರಿಕೊಂಡರೆ ಅವರ ಹೆಸರಿನ ವಕಾಲತ್ತು, ಅಂದರೆ ಕೇಸು ನಡೆಸಲು ಕಕ್ಷಿದಾರರು ಬರೆದುಕೊಟ್ಟ ಅಧಿಕಾರಪತ್ರ, ಅಲ್ಲಿಗೇ ಮುಗಿಯಿತು. ಅದೇ ವಕಾಲತ್ತಿನಲ್ಲಿ ಜೂನಿಯರ್ ವಕೀಲರ ಹೆಸರೂ ಇದ್ದರೆ ಸರಿ, ಇಲ್ಲದಿದ್ದರೆ ಕಕ್ಷಿದಾರರು ಹೊಸತು ಹಾಕಬೇಕು. ವಾಯಿದೆಯ ದಿನ, ಅಂದರೆ ಕೋರ್ಟು ಕೇಸು ಕರೆಯುವ ದಿನ, ವಾದಿಯ ಪರ ಯಾರೂ ಹಾಜರಾಗದೆ ದಾವೆ ವಜಾ ಆದರೆ, ಅದನ್ನು ಮತ್ತೆ ಜೀವಂತ ಮಾಡಲು ಅರ್ಜಿ ಕೊಡುವ ಅವಧಿ 30 ದಿನ. ಹಾಗಾಗಿ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಂದಿನ ಎರಡು ತಿಂಗಳ ಪುಟಗಳನ್ನು ಒಂದೊಂದಾಗಿ ನೋಡಿ. ಒ.ಎಸ್. ಎಂದರೆ ಮೂಲ ದಾವೆ, ಎ.ಎಸ್. ಎಂದರೆ ಅಪೀಲು, ಇ.ಪಿ. ಎಂದರೆ ಡಿಕ್ರಿ ಜಾರಿಯ ಅರ್ಜಿ. ಮುನ್ಸಿಫ್ ಕೋರ್ಟೋ, ಸಬ್ ಕೋರ್ಟೋ, ನಮ್ಮ ಕಾಞಂಗಾಡಿನ ಹೊಸದುರ್ಗವೋ ಎಂಬುದು ಗುಮಾಸ್ತರಿಗೆ ಗೊತ್ತಿರುತ್ತದೆ. ಪ್ರತಿ ಕಕ್ಷಿದಾರರಿಗೂ ಅಂದೇ ಫೋನ್ ಹೋಗಲಿ.

ಫೀಸು ಬಾಕಿ ಇದೆಯೆಂದು ಕಡತ ಹಿಡಿದಿಡುವ ಹಕ್ಕು ವಕೀಲರಿಗೇ ಇಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿದೆ. ಮನೆಯವರಿಗೆ ಎಲ್ಲಿಂದ ಬರಬೇಕು?

ಗಡಿನಾಡಿನ ಕಪಾಟುಗಳಲ್ಲಿ ಇನ್ನೊಂದು ವಿಶೇಷವಿದೆ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಆಮೇಲೆ ಕೇರಳದವರು. ಆ ಕಾಲದ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ವಾಯಿದೆಯ ಗೇಣಿ) ಚೀಟುಗಳು, ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಕುಟುಂಬಗಳ ಪಾಲುಪತ್ರಗಳು ಕನ್ನಡದಲ್ಲಿವೆ. 1970ರ ಜನವರಿ 1ರಿಂದ ಗೇಣಿ ಭೂಮಿಯ ಮೇಲಿನ ಧಣಿಗಳ ಹಕ್ಕು ಕೇರಳ ಸರಕಾರಕ್ಕೆ ಸೇರಿತು. ಲ್ಯಾಂಡ್ ಟ್ರಿಬ್ಯೂನಲಿನಲ್ಲಿ ಪಟ್ಟೆ (ಭೂಮಿಯ ಹಕ್ಕುಪತ್ರ) ಕೇಳಲು ಹೋದ ಒಕ್ಕಲಿಗೆ ಅಂಗೈಯಗಲದ ಗೇಣಿ ರಶೀದಿಯೇ ದೊಡ್ಡ ಆಧಾರ. ಅಂಥ ಅಸಲು ಕಾಗದಗಳು ವಕೀಲರ ಮನೆಯಲ್ಲೇ ಉಳಿದುಬಿಡುವುದುಂಟು. 30 ವರ್ಷ ದಾಟಿದ ದಸ್ತಾವೇಜು ಇರಬೇಕಾದ ಕೈಯಿಂದಲೇ ಬಂದರೆ ಅದರ ಸಹಿ, ಬರಹ ನಿಜವೆಂದು ಕೋರ್ಟು ಭಾವಿಸಬಹುದು. ಕೈ ಬದಲಾದ ಬಗೆ ಗೊತ್ತಿಲ್ಲದಿದ್ದರೆ ಅಲ್ಲೇ ತಕರಾರು. ಆದ್ದರಿಂದ ಹಿಂದಿರುಗಿಸುವಾಗ ದಸ್ತಾವೇಜಿನ ನಂಬರು, ವರ್ಷ, ಪುಟಗಳ ಲೆಕ್ಕ, ಯಾವ ಕಡತದಿಂದ ತೆಗೆದದ್ದು ಎಂದು ಬರೆದು, ತೆಗೆದುಕೊಂಡವರ ಸಹಿ ಹಾಕಿಸಿ ಎರಡು ಪ್ರತಿ ಮಾಡಿ.

ಆಟಿಯ ಮಳೆಯಲ್ಲಿ ಹಳೆಯ ಕಟ್ಟು ಬಿಚ್ಚಲೇಬೇಡಿ. ತೇವ ಹೀರಿದ ಕಾಗದ ಮಡಿಕೆಯಲ್ಲೇ ಹರಿಯುತ್ತದೆ. ಅಂಟಿಕೊಂಡ ಹಾಳೆಗಳನ್ನು ಎಳೆಯದೆ, ನೆರಳಿನಲ್ಲಿ ಗಾಳಿಗೆ ಇಡಿ. ತುಕ್ಕು ಹಿಡಿದ ಗುಂಡುಸೂಜಿ ತೆಗೆಯಿರಿ. ಅದು ಸುತ್ತಲಿನ ಕಾಗದವನ್ನೇ ತಿನ್ನುತ್ತದೆ. ಸೆಲ್ಲೋಟೇಪು ಬೇಡ, ಅದರ ಅಂಟು ವರ್ಷಗಳಲ್ಲಿ ಕಂದಾಗಿ ಅಕ್ಷರಕ್ಕೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹಾಳಾಗದಂತೆ ಬಿಡಿಸಲಾಗದು.

ಮನೆಯವರು ಒಂದು ವಿಷಯ ಮರೆಯುತ್ತಾರೆ: ಕೇರಳದ 1980ರ ಕಾಯಿದೆಯ ವಕೀಲರ ಕ್ಷೇಮನಿಧಿಗೆ ಅವರು ಸದಸ್ಯರಾಗಿದ್ದರೆ ಅದರ ಹಣಕ್ಕೆ ನಾಮಿನಿ ಅರ್ಜಿ ಹಾಕಬೇಕು.

ಇಷ್ಟಾದ ಮೇಲೆ ಡೈರಿಯನ್ನು ನಿಧಾನವಾಗಿ ಓದಿ. ಪುಟದ ನಡುವೆ ವಾಯಿದೆಗಳು, ಅಂಚಿನಲ್ಲಿ ಸಂಸಾರ. ಮಗಳ ಪರೀಕ್ಷೆಯ ತಾರೀಕು, ಅಮ್ಮನ ಮದ್ದು, ತೋಟಕ್ಕೆ ಬೋರ್ಡೋ ದ್ರಾವಣ ಬಿಡುವ ಲೆಕ್ಕ: 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ಮಗುವಿಗೆ ಜ್ವರ ಬಂದ ದಿನ ಯಾವ ಕೇಸನ್ನು ಮುಂದಿನ ವಾಯಿದೆಗೆ ಹಾಕಲು ಕೇಳಿದರು, ಯಾವುದನ್ನು ಬಿಡದೆ ನಡೆಸಿ ಓಡಿ ಬಂದರು ಎಂಬುದೂ ಅಲ್ಲೇ ಸಿಗುತ್ತದೆ. ನೆನಪಿನ ಪುಸ್ತಿಕೆಗೆ ಇದು ಸಾಕು. ಕಕ್ಷಿದಾರರ ಹೆಸರು, ಅವರು ನಂಬಿ ಹೇಳಿದ ಗುಟ್ಟು ಮಾತ್ರ ಅಚ್ಚಾಗಬಾರದು. ಕೇಸು ಮುಗಿದ ಮೇಲೂ ವಕೀಲರ ಬಾಯಿಗೆ ಕಾನೂನಿನ ಬೀಗವಿದೆ, ಮನೆಯವರೂ ಅದನ್ನು ಒಡೆಯಬಾರದು. ನಡುವಿನ ಸಾಲುಗಳನ್ನು ಬಿಳಿ ಕಾಗದದಿಂದ ಮುಚ್ಚಿ, ಅಂಚನ್ನಷ್ಟೇ ಸ್ಕ್ಯಾನ್ ಮಾಡಿ ಅವರ ಕೈಬರಹದಲ್ಲೇ ಹಾಕಿಸಿ.