ಪ್ರಶ್ನೆ ಕೇಳಲು ತಕ್ಕ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕೋಲಾರ ಸೀಮೆಯ ಕೆರೆಗಳನ್ನು ಹಿರಿಯರು ಒಂದರ ಕೆಳಗೊಂದರಂತೆ ಸರಣಿಯಾಗಿ ಕಟ್ಟಿದ್ದಾರೆ. ಪ್ರತಿ ಕೆರೆಗೂ ಅದರದೇ ಏರಿ, ಅದರದೇ ತೂಬು, ಅದನ್ನು ನೋಡಿಕೊಳ್ಳುವ ನೀರುಗಂಟಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ. ಒಬ್ಬ ಒಡೆಯನಿಲ್ಲದ, ಫೆಡಿವರ್ಸ್ ಎಂದು ಕರೆಯುವ ಅಂತರಜಾಲದ ಚರ್ಚಾಲೋಕವನ್ನು ವಿವರಿಸಲು ನನಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಕ್ಕಿಲ್ಲ. ಅಲ್ಲಿ ಒಂದೊಂದು ಸರ್ವರನ್ನು, ಅಂದರೆ ಬರಹಗಳನ್ನು ಇಟ್ಟುಕೊಂಡು ಹಂಚುವ ಗಣಕವನ್ನು, ಬೇರೆ ಬೇರೆ ಜನ ತಮ್ಮದೇ ನಿಯಮಗಳೊಂದಿಗೆ ನಡೆಸುತ್ತಾರೆ. ಆದರೂ ಅಂತರಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಮಾನ್ಯ ಮಾಡಿದ ಆಕ್ಟಿವಿಟಿಪಬ್ ಎಂಬ ಪದ್ಧತಿಯ ಮೂಲಕ ಒಂದು ಸರ್ವರಿನಲ್ಲಿ ಬರೆದದ್ದು ಇನ್ನೊಂದಕ್ಕೆ ತಲುಪುತ್ತದೆ. ಕೆರೆಯ ನೀರು ಇಳಿಜಾರಿಗಷ್ಟೇ ಹರಿಯುತ್ತದೆ, ಇಲ್ಲಿ ಮಾತು ಎರಡು ಕಡೆಗೂ ಹರಿಯುತ್ತದೆ ಎಂಬುದೊಂದೇ ವ್ಯತ್ಯಾಸ.

ಇಂಥ ಕಡೆ ಚರ್ಚೆಯೊಂದನ್ನು ಎಲ್ಲಿ ಆರಂಭಿಸಬೇಕು ಎಂಬುದು ಇವತ್ತಿನ ವಿಷಯ. ಈ ಜಾಲದ ಲೆಮ್ಮಿ ಎಂಬ ವೇದಿಕೆಯಲ್ಲಿ ಕೃಷಿ ಎಂಬ ಒಂದೇ ಹೆಸರಿನ ಸಮುದಾಯಗಳು ಹಲವು ಸರ್ವರುಗಳಲ್ಲಿ ಇರಬಹುದು; ಹೆಸರೊಂದೇ ಆದರೂ ಅವು ಬೇರೆ ಬೇರೆ ಕೂಟಗಳು.

ಹಿಂದೊಮ್ಮೆ ನಮ್ಮ ಮಾವಿನ ತೋಟ ಹೂ ಬಿಟ್ಟ ಕಾಲದಲ್ಲಿ ಜಿಗಿಹುಳು ಬಿದ್ದಾಗ, ನಾನು ಆತುರದಿಂದ ಒಂದೇ ಪ್ರಶ್ನೆಯನ್ನು ಮೂರು ಸಮುದಾಯಗಳಲ್ಲಿ ಬರೆದೆ. ಕೊಂಬೆಗಳು ದಟ್ಟವಾಗಿ ಬೆಳೆದು ನೆರಳಾಗಿದೆಯೇ ಎಂದು ಮೂರೂ ಕಡೆ ಮೂವರು ಕೇಳಿದರು. ಮೂವರಿಗೂ ಬೇರೆ ಬೇರೆಯಾಗಿ ಉತ್ತರಿಸುವಷ್ಟರಲ್ಲಿ ಯಾರು ಏನು ಹೇಳಿದರೆಂಬುದೇ ನನಗೆ ತಪ್ಪಿಹೋಯಿತು. ಬಿಡುವು ಮಾಡಿಕೊಂಡು ಉತ್ತರ ಬರೆದವರ ಶ್ರಮ ಹೀಗೆ ಹಂಚಿಹೋದದ್ದಕ್ಕೆ ನನಗೆ ಇಂದಿಗೂ ಬೇಸರವಿದೆ.

ಈ ತೊಡಕು ಹೊಸದಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ರೂಪಿಸಿದ, ಗಣಕಗಳ ನಡುವಿನ ಹಳೆಯ ಚರ್ಚಾಜಾಲವಾದ ಯೂಸ್‌ನೆಟ್ಟಿನಲ್ಲಿ, ಒಂದೇ ಬರಹದ ನೆತ್ತಿಯ ಮೇಲೆ ಹಲವು ಗುಂಪುಗಳ ಹೆಸರು ಬರೆಯುವ ಪದ್ಧತಿ ಬಂತು. ಉತ್ತರಗಳು ಯಾವ ಗುಂಪಿಗೆ ಬರಬೇಕೆಂಬುದನ್ನೂ ಅಲ್ಲಿಯೇ ಸೂಚಿಸಬಹುದಾಗಿತ್ತು. ಲೆಮ್ಮಿಯಲ್ಲಿ ಆ ಅನುಕೂಲವಿಲ್ಲದ ಕಾರಣ ನಾನು ಅದನ್ನು ಕೈಯಾರೆ ಮಾಡುತ್ತೇನೆ: ಪೂರ್ತಿ ಪ್ರಶ್ನೆ ಒಂದೇ ಕಡೆ, ಉಳಿದ ಕಡೆ ಎರಡು ಸಾಲು ಮತ್ತು ಕೊಂಡಿ, ದಯವಿಟ್ಟು ಅಲ್ಲಿಯೇ ಉತ್ತರಿಸಿ ಎಂಬ ಕೋರಿಕೆಯೊಂದಿಗೆ.

ಆ ಒಂದು ಜಾಗವನ್ನು ಸದಸ್ಯರ ಸಂಖ್ಯೆ ನೋಡಿ ಆರಿಸುವುದು ಸರಿಯೆಂದು ನನಗೆ ತೋರುವುದಿಲ್ಲ. ತಂತ್ರಾಂಶದ ದೋಷವಾದರೆ ಅದನ್ನು ತಯಾರಿಸುವವರು ಸೇರುವ ಸಮುದಾಯವೇ ತಕ್ಕದ್ದು. ಮಣ್ಣು, ಮಳೆ, ತಳಿಗಳನ್ನು ಅವಲಂಬಿಸಿದ ಮಾವಿನಂಥ ವಿಷಯಕ್ಕೆ ಸಾವಿರಾರು ಜನರ ಇಂಗ್ಲಿಷ್ ಸಮುದಾಯಕ್ಕಿಂತ, ಶ್ರೀನಿವಾಸಪುರದ ಬಾದಾಮಿ, ತೋತಾಪುರಿ ಮರಗಳನ್ನು ಕಂಡಿರುವ ನಲವತ್ತು ಕನ್ನಡಿಗರೇ ಮೇಲು. ಅಲ್ಲಿ ಕೇಳಿದ ಪ್ರಶ್ನೆ ಮತ್ತು ಬಂದ ಉತ್ತರ ಮುಂದಿನ ವರ್ಷ ಹುಡುಕುವ ಇನ್ನೊಬ್ಬ ರೈತನಿಗೂ ಕನ್ನಡದಲ್ಲಿಯೇ ಸಿಗುತ್ತವೆ.

ಆ ಜಾಗ ಖಾಲಿ ಕಂಡರೆ ಕೂಡಲೇ ಕೈಬಿಡಬೇಡಿ. ನಿಮ್ಮ ಸರ್ವರಿನಿಂದ ಒಬ್ಬರಾದರೂ ಆ ಸಮುದಾಯಕ್ಕೆ ಸೇರುವವರೆಗೆ ಅಲ್ಲಿಯ ಹೊಸ ಬರಹಗಳು ನಿಮ್ಮ ಕಡೆಗೆ ಹರಿಯುವುದಿಲ್ಲ. ತೂಬು ಎತ್ತುವ ಮೊದಲಿಗರು ನೀವೇ ಆಗಿರಬಹುದು. ಆದ್ದರಿಂದ ಆ ಸಮುದಾಯದ ಮೂಲ ಸರ್ವರಿಗೇ ಹೋಗಿ ಒಮ್ಮೆ ನೋಡಿ. ಹಾಗೆಯೇ ಅದನ್ನು ನಡೆಸುವವರು ಯಾರು, ಯಾವ ಸರ್ವರುಗಳ ಸಂಪರ್ಕ ಕಡಿದಿದ್ದಾರೆ ಎಂಬುದನ್ನೂ ಗಮನಿಸಿ. 2023ರ ಜೂನ್‌ನಲ್ಲಿ ಬೀಹಾ ಎಂಬ ಸರ್ವರು, ಹೊಸಬರ ನೂಕುನುಗ್ಗಲನ್ನು ನಿಭಾಯಿಸಲಾಗದೆ, ಎರಡು ದೊಡ್ಡ ಸರ್ವರುಗಳೊಂದಿಗಿನ ಸಂಪರ್ಕ ಕಡಿದುಕೊಂಡಿತು. ಕಾಲುವೆ ಮುಚ್ಚಿದ ಮೇಲೆ ಆ ಕಡೆಯ ಜನರ ಹೊಸ ಮಾತು ಈ ಕಡೆಗೆ ಬರಲಿಲ್ಲ.

ಬರೆಯುವಾಗ ಭಾಷೆಯ ಆಯ್ಕೆಯಲ್ಲಿ ಕನ್ನಡವನ್ನು ಗುರುತಿಸಿ. ಉತ್ತರ ಸಿಕ್ಕಿ, ಸಿಂಪಡಣೆಯೋ ಕೊಂಬೆ ಸವರುವುದೋ ಫಲಿಸಿದ ಮೇಲೆ, ಕೊಂಡಿ ಹಾಕಿದ ಉಳಿದ ಜಾಗಗಳಿಗೂ ಹೋಗಿ ಅದನ್ನು ಒಂದು ಸಾಲಿನಲ್ಲಿ ತಿಳಿಸಿಬನ್ನಿ. ನಮಸ್ಕಾರ.