ಮಳೆಗಾಲಕ್ಕೆ ದೋಣಿ ಎಂಜಿನ್ ಒಳಗಿಡೋ ಮುಂಚೆ: ಟ್ಯಾಂಕಿನಿಂದ ಕಾರ್ಬೊರೇಟರ್ ತನಕ

ನಮಸ್ಕಾರ. ಮೇ ಕೊನೇ ವಾರ. ಶರಾವತಿ ಹಿನ್ನೀರು ಇಳಿದು ದಡದ ಕೆಂಪು ಮಣ್ಣು ಕಾಣ್ತಿದೆ, ಮುಳುಗಿದ್ದ ಕಾಡಿನ ಮರದ ಬೊಡ್ಡೆಗಳು ತಲೆ ಎತ್ತಿವೆ. ಇನ್ನೆರಡು ಜೋರು ಮಳೆ ಬಿದ್ರೆ ದೋಣಿ ದಡಕ್ಕೆ, ಎಂಜಿನ್ ಕೊಟ್ಟಿಗೆಗೆ. ಇವತ್ತಿನ ವಿಡಿಯೋ ಪೂರ್ತಿ ಪೆಟ್ರೋಲ್ ಹರಿಯೋ ದಾರಿ ಬಗ್ಗೆನೇ. ಟ್ಯಾಂಕ್, ಪೈಪು, ಫಿಲ್ಟರ್, ಕಾರ್ಬೊರೇಟರ್.

ಚಳಿ ದೇಶದೋರು ಇದೇ ಕೆಲಸ ಚಳಿಗಾಲಕ್ಕೆ ಮುಂಚೆ ಮಾಡ್ತಾರೆ. ಎಂಜಿನ್ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳೀತು ಅನ್ನೋದು ಅವರ ಹೆದರಿಕೆ. ನಮಗೆ ಆ ಭಯ ಇಲ್ಲ. ನಮ್ಮದು ಥಂಡಿ. ಪೆಟ್ಟಿಗೆಯಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡಿಸೋ ಥಂಡಿ. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟೋ ಮಳೆ. ನಾಲ್ಕು ತಿಂಗಳು ಗಾಳಿಯಲ್ಲೇ ನೀರು. ಅದಕ್ಕೇ ಅವರ ವಿಡಿಯೋ ನೋಡಿ ‘ಟ್ಯಾಂಕ್ ತುಂಬಿಸಿ ಇಡಿ’ ಅನ್ನೋದನ್ನ ಹಾಗೇ ಪಾಲಿಸ್ಬೇಡಿ. ಯಾಕೆ ಅಂತ ಮುಂದೆ ಹೇಳ್ತೀವಿ.

ಈಗ ಬಂಕಲ್ಲಿ ಸಿಗೋದು ಇ20. ನೂರರಲ್ಲಿ ಇಪ್ಪತ್ತು ಪಾಲು ಎಥೆನಾಲ್. ಎಥೆನಾಲ್ ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ. ಒಂದು ಮಿತಿ ತನಕ ನೀರು ಪೆಟ್ರೋಲ್ ಜೊತೆ ಬೆರೆತೇ ಇರುತ್ತೆ, ಕಣ್ಣಿಗೆ ಕಾಣಲ್ಲ. ಮಿತಿ ದಾಟಿದ್ರೆ ಎಥೆನಾಲ್ ಆ ನೀರನ್ನ ಕಟ್ಕೊಂಡು ತಳಕ್ಕೆ ಇಳಿಯುತ್ತೆ, ಪೆಟ್ರೋಲ್ ಮೇಲೆ ನಿಲ್ಲುತ್ತೆ. ಟ್ಯಾಂಕಿನ ಹೀರು ಕೊಳವೆ ಇರೋದು ಎಲ್ಲಿ? ತಳದಲ್ಲಿ. ಹಾಗಾಗಿ ಎಂಜಿನ್‌ಗೆ ಮೊದಲು ಹೋಗೋದೇ ಆ ಕೆಟ್ಟ ಪದರ. ಟೂ ಸ್ಟ್ರೋಕ್ ಆದ್ರೆ ಇನ್ನೂ ಕಷ್ಟ. ಪೆಟ್ರೋಲಿಗೆ ಬೆರೆಸಿದ 2ಟಿ ಆಯಿಲ್ ಅದರ ಜೊತೆ ಮೇಲೇ ಉಳಿದಿರುತ್ತೆ. ಕೆಳಗಿನ ನೀರಲ್ಲಿ ಜಿಡ್ಡೇ ಇಲ್ಲ, ಪಿಸ್ಟನ್ ಒಣಗಿ ಉಜ್ಜುತ್ತೆ.

ಟ್ಯಾಂಕಲ್ಲಿ ಈಗಾಗ್ಲೇ ನೀರಿದೆಯಾ ಅಂತ ನೋಡೋದು ಸುಲಭ. ಬಿಳಿ ಗಾಜಿನ ಬಾಟಲಿಗೆ ಟ್ಯಾಂಕಿನ ತಳದಿಂದ ಕಾಲು ಲೀಟರ್ ತೆಗೀರಿ, ಹದಿನೈದು ನಿಮಿಷ ಅಲುಗಾಡಿಸದೆ ಇಡಿ. ಇಲ್ಲಿ ನೋಡಿ, ಬಾಟಲಿ ಬುಡದಲ್ಲಿ ಒಂದು ಗೆರೆ. ಗೆರೆ ಕೆಳಗೆ ಬೇರೆ ಬಣ್ಣ. ಹೀಗಿದ್ರೆ, ಇಲ್ಲಾ ಪೂರ್ತಿ ಮಬ್ಬಾಗಿದ್ರೆ, ಆ ಪೆಟ್ರೋಲನ್ನ ಉಳಿಸೋಕೆ ಹೋಗ್ಬೇಡಿ. ಸ್ಟೆಬಿಲೈಸರ್ ಹಾಕಿದ್ರೂ ಸರಿ ಹೋಗಲ್ಲ. ಸ್ಟೆಬಿಲೈಸರ್ ಕೆಲಸ ಒಳ್ಳೇ ಪೆಟ್ರೋಲ್ ಕೆಡೋದನ್ನ ತಡ ಮಾಡೋದು ಅಷ್ಟೇ. ಕೆಟ್ಟಿದ್ದನ್ನ ರಿಪೇರಿ ಮಾಡೋ ಮದ್ದಲ್ಲ.

ಕೆಲಸ ಶುರು. ಹೊಸ ಪೆಟ್ರೋಲ್ 3 ಲೀಟರ್ ಸಾಕು. ಬಾಟಲಿ ಮೇಲೆ ಬರೆದಿರೋ ಅಳತೆಗೆ ಸ್ಟೆಬಿಲೈಸರ್. ಟೂ ಸ್ಟ್ರೋಕ್ ಎಂಜಿನ್, 50ಕ್ಕೆ 1 ಮಿಶ್ರಣ ಅಂತಿದ್ರೆ ಲೀಟರಿಗೆ 20 ಮಿಲಿ ಆಯಿಲ್, ಅಂದ್ರೆ 60 ಮಿಲಿ. ಹಳೇ ಎಂಜಿನ್ ಕೆಲವು 25ಕ್ಕೆ 1 ಕೇಳ್ತಾವೆ, ಪುಸ್ತಕ ನೋಡಿ.

ಎಂಜಿನ್ನನ್ನ 200 ಲೀಟರ್ ಡ್ರಮ್ಮಿನ ಅಂಚಿಗೆ ಗಟ್ಟಿ ಹಲಗೆ ಕೊಟ್ಟು ಸಿಕ್ಕಿಸಿ, ನೀರು ಎಳೆಯೋ ಜಾಲರಿ ಪೂರ್ತಿ ಮುಳುಗೋ ಹಾಗೆ ನೀರು ತುಂಬಿ. ಫ್ಯಾನು, ಅಂದ್ರೆ ಪ್ರೊಪೆಲ್ಲರ್, ತೆಗೆದಿಟ್ರೆ ಒಳ್ಳೇದು, ಗೇರ್ ನ್ಯೂಟ್ರಲ್. ಅಂಗಳದಲ್ಲಿ ಮಾಡಿ, ಕೊಟ್ಟಿಗೆ ಒಳಗೆ ಬೇಡ, ಹೊಗೆ ಕುಡಿದು ತಲೆ ತಿರುಗುತ್ತೆ, ಪ್ರಾಣಕ್ಕೇ ಅಪಾಯ. ನೀರಿಲ್ಲದೆ ‘ಒಂದೇ ನಿಮಿಷ’ ಅಂತ ಸ್ಟಾರ್ಟ್ ಮಾಡೋರಿದ್ದಾರೆ. ಒಳಗೆ ನೀರು ಎಳೆಯೋ ರಬ್ಬರ್ ಇಂಪೆಲ್ಲರ್‌ಗೆ ನೀರೇ ಜಿಡ್ಡು, ಆ ಒಂದು ನಿಮಿಷ ಸಾಕು ಅದು ಸುಡೋಕೆ. ಹಿಂದಿನ ತೂತಿಂದ ನೀರು ಚಿಮ್ಮುತ್ತಿರಬೇಕು. ಹತ್ತು ನಿಮಿಷ ಓಡಿಸಿ. ಪೈಪಲ್ಲಿದ್ದ ಹಳೇ ಪೆಟ್ರೋಲ್ ಖಾಲಿ ಆಗಿ ಸ್ಟೆಬಿಲೈಸರ್ ಮದ್ದು ಹಾಕಿದ್ದು ಜೆಟ್, ಅಂದ್ರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹೋಗೋ ಸಣ್ಣ ತೂತಿನ ತನಕ ತಲುಪೋಕೆ ಅಷ್ಟು ಬೇಕು.

ಈಗ ಎಂಜಿನ್ ಓಡ್ತಿದ್ದ ಹಾಗೇ ಪೈಪಿನ ಕನೆಕ್ಟರ್ ಕಿತ್ತು ಬಿಡಿ. ಒಂದೆರಡು ನಿಮಿಷಕ್ಕೆ ತಾನೇ ಕೆಮ್ಮಿ ನಿಲ್ಲುತ್ತೆ. ಕೆಮ್ಮು ಶುರುವಾದಾಗ ಕಾರ್ಬೊರೇಟರ್ ಬಾಯಿಗೆ ಫಾಗಿಂಗ್ ಆಯಿಲ್, ಅಂದ್ರೆ ಎಂಜಿನ್ ಒಳಗೆ ತುಕ್ಕು ಹಿಡಿಯದ ಹಾಗೆ ಲೇಪ ಕೂರಿಸೋ ಆಯಿಲ್, ಸ್ಪ್ರೇ ಹೊಡೀರಿ. ಕೊನೇ ಗಳಿಗೆಯಲ್ಲಿ ಪೆಟ್ರೋಲ್ ಕಡಿಮೆ ಆದ ಹಾಗೆ ಆಯಿಲೂ ಕಡಿಮೆ ಆಗುತ್ತಲ್ಲ, ಅದನ್ನ ಇದು ತುಂಬಿಸುತ್ತೆ.

ಹೆಚ್ಚಿನೋರು ಇಲ್ಲಿಗೇ ನಿಲ್ಲಿಸ್ತಾರೆ. ‘ಖಾಲಿ ಆಗೋ ತನಕ ಓಡಿಸಿದೀನಲ್ಲ’ ಅಂತಾರೆ. ಖಾಲಿ ಆಗಿರಲ್ಲ. ಕ್ಯಾಮೆರಾ ಹತ್ತಿರ ತರ್ತೀವಿ, ನೋಡಿ. ಕಾರ್ಬೊರೇಟರ್ ಕೆಳಗಿನ ಬಟ್ಟಲು ಇದು. ಬುಡದಲ್ಲಿರೋ ಹಿತ್ತಾಳೆ ಸ್ಕ್ರೂ ಡ್ರೈನ್. ಸ್ಟೀಲ್ ಲೋಟ ಹಿಡಿದು ಬಿಚ್ಚಿದ್ರೆ, ಬಂತು ನೋಡಿ, ಎರಡು ಚಮಚ ಪೆಟ್ರೋಲ್. ಜೆಟ್ಟಿನ ಬಾಯಿಗಿಂತ ಕೆಳಗಿದ್ದದ್ದು, ಎಂಜಿನ್ ಹೀರೋಕೆ ಆಗದೆ ಉಳಿದದ್ದು. ಇದೇ ನಾಲ್ಕು ತಿಂಗಳಲ್ಲಿ ಆವಿಯಾಗಿ ಹಲಸಿನ ಮೇಣದ ಥರ ಅಂಟಾಗೋದು. ನಿಧಾನ ಓಟಕ್ಕೆ ಪೆಟ್ರೋಲ್ ಕೊಡೋ ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರ್‌ಗಿಂತ ಸಣ್ಣದು; ಅಂಟು ಕೂರೋಕೆ ಎಷ್ಟು ಬೇಕು? ಸೆಪ್ಟೆಂಬರ್‌ನಲ್ಲಿ ‘ಚೋಕ್ ಎಳೆದ್ರೆ ಮಾತ್ರ ಓಡುತ್ತೆ, ಬಿಟ್ರೆ ಆಫ್’ ಅನ್ನೋ ದೂರು ಬಹಳಷ್ಟು ಸಲ ಇಲ್ಲಿಂದಲೇ ಹುಟ್ಟೋದು.

ಸ್ಕ್ರೂ ಬಾಯಿಗೆ ಸರಿಯಾಗಿ ಕೂರೋ ಡ್ರೈವರ್ರೇ ಬೇಕು, ಹಿತ್ತಾಳೆ ಮೆತ್ತಗೆ, ಜಾರಿದ್ರೆ ತಲೆ ಸವೆದು ಹೋಗುತ್ತೆ. ವಾಷರ್ ಕಳೀಬೇಡಿ. ಎರಡು ಕಾರ್ಬೊರೇಟರ್ ಇದ್ರೆ ಎರಡನ್ನೂ ಇಳಿಸ್ಬೇಕು.

ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಎಂಜಿನ್ ಇದ್ದೋರು ಮಾತ್ರ ಹೀಗೆ ಒಣಗಿಸ್ಬೇಡಿ. ಅದರ ಪಂಪು ತಣ್ಣಗಿರೋದೇ ಪೆಟ್ರೋಲಿಂದ. ಮದ್ದು ಹಾಕಿದ ಪೆಟ್ರೋಲ್ ಓಡಿಸಿ ಹಾಗೇ ಬಂದ್ ಮಾಡಿ, ಉಳಿದದ್ದು ಕಂಪನಿ ಪುಸ್ತಕದ ಪ್ರಕಾರ.

ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಕೆಂಪು ದಾರದ ಕ್ಲಿಪ್ ತೆಗೆದು, ಹಗ್ಗ ನಾಲ್ಕು ಸಲ ನಿಧಾನಕ್ಕೆ ಎಳೀರಿ. ಒಂದೇ ಚಮಚ. ಧಾರಾಳ ಬೇಡ. ಪ್ಲಗ್ ವಾಪಸ್.

ಫಿಲ್ಟರ್ ಬಟ್ಟಲು ಪಾರದರ್ಶಕವಾಗಿರುತ್ತೆ. ಕೆಲವದರಲ್ಲಿ ಒಳಗೆ ಕೆಂಪು ಬಳೆ ಇರುತ್ತೆ. ನೀರು ಸೇರಿದ್ರೆ ಅದು ತೇಲಿ ಮೇಲೆ ಬರುತ್ತೆ. ಬಿಚ್ಚಿ ತೊಳೆದು, ಓ-ರಿಂಗ್ ಚಪ್ಪಟೆ ಆಗಿದ್ರೆ ಬದಲಿಸಿ. ಪೈಪನ್ನ ಬಗ್ಗಿಸಿ ನೋಡಿ, ಬಿರುಕು ಬಿಟ್ಟಿದ್ರೆ ಹೊಸದು ಹಾಕಿ. ಹಳೇ ರಬ್ಬರಿಗೆ ಎಥೆನಾಲ್ ಒಗ್ಗಲ್ಲ, ಊದಿಕೊಳ್ಳುತ್ತೆ. ಪಂಪ್ ಮಾಡೋ ಉಂಡೆ ಮೇಲಿನ ಬಾಣ ಎಂಜಿನ್ ಕಡೆ ಇರಬೇಕು. ಪೈಪು ಸುತ್ತಿ ನೆಲಕ್ಕೆ ಹಾಕಿದ್ರೆ ಇಲಿ ಕಡಿಯುತ್ತೆ, ತಂತಿಯಲ್ಲಿ ನೇತು ಹಾಕಿ. ಎರಡೂ ತುದಿಗೆ ಪ್ಲಾಸ್ಟಿಕ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಬಿಟ್ರೆ ಕುಂಬಾರ ಹುಳ ಅದರೊಳಗೆ ಮಣ್ಣಿನ ಮನೆ ಕಟ್ಟುತ್ತೆ. ಕನೆಕ್ಟರ್ ತೂತು, ಟ್ಯಾಂಕಿನ ಗಾಳಿ ತೂತು, ಯಾವುದನ್ನೂ ಬಿಡಲ್ಲ ಅದು.

ಟ್ಯಾಂಕಿಗೆ ಬರೋಣ. ದೋಣಿಯಲ್ಲೇ ಕೂರಿಸಿದ ದೊಡ್ಡ ಟ್ಯಾಂಕನ್ನ ಪೂರ್ತಿ ಖಾಲಿ ಮಾಡೋದು ಕಷ್ಟ, ಅದಕ್ಕೇ ಚಳಿ ದೇಶದೋರು ಸ್ವಲ್ಪ ಜಾಗ ಬಿಟ್ಟು ತುಂಬಿಸಿ ಇಡ್ತಾರೆ. ಒಳಗೆ ಗಾಳಿ ಕಡಿಮೆ ಇದ್ರೆ ಬೆವರೂ ಕಡಿಮೆ. ನಮ್ಮದು ಕೈಲಿ ಎತ್ತೋ 24 ಲೀಟರ್ ಪ್ಲಾಸ್ಟಿಕ್ ಟ್ಯಾಂಕ್. ಇದಕ್ಕೆ ನಮ್ಮ ತೀರ್ಮಾನ: ಖಾಲಿ. ಬಿಸಿಲಿರೋ ದಿನವೇ ಮುಚ್ಚಳ ತೆಗೆದು ಹೊರಗೆ ಒಣಗಿಸಿ, ಆಮೇಲೆ ಮುಚ್ಚಳ, ಗಾಳಿ ತಿರುಪು ಎರಡೂ ಬಿಗಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಹೋಗುತ್ತೆ. ಮಳೆಗಾಲದಲ್ಲಿ ಬಚ್ಚಲ ಒಲೆ ಆರೋದೇ ಇಲ್ಲ ಅನ್ನೋ ಮನೇಲಿ ತುಂಬಿದ ಟ್ಯಾಂಕ್ ಇಡೋದು ಬೇಡ.

ತೆಗೆದ ಪೆಟ್ರೋಲಿಗೆ ಆಯಿಲ್ ಬೆರೆಸಿಲ್ಲ, ನೀರಿಲ್ಲ ಅಂದ್ರೆ ಬಟ್ಟೆಯಲ್ಲಿ ಸೋಸಿ ಬೈಕಿಗೆ ಹಾಕಿ ಮುಗಿಸಿ. ಬೆರೆಸಿದ್ದನ್ನ ತೋಟದ ಕಳೆ ಮೆಷಿನ್ನಿಗೆ ಹಾಕೋ ಆಸೆ ಎಲ್ಲರಿಗೂ ಬರುತ್ತೆ. ಅದರಲ್ಲಿರೋದು ದೋಣಿ ಎಂಜಿನ್ನಿನ ಟಿಸಿ-ಡಬ್ಲ್ಯೂ3 ಆಯಿಲ್ ಆದ್ರೆ ಬೇಡ. ಅದು ನೀರಲ್ಲಿ ತಣಿಯೋ ಎಂಜಿನ್ನಿಗೆ ಮಾಡಿದ್ದು. ಕಳೆ ಮೆಷಿನ್ ಗಾಳಿಯಲ್ಲಿ ತಣಿಯೋದು, ಬಿಸಿ ಜಾಸ್ತಿ. ಕೊನೇ ವಾರದಲ್ಲಿ ಬೇಕಾದಷ್ಟೇ ಬೆರೆಸಿದ್ರೆ ಈ ತಾಪತ್ರಯವೇ ಇಲ್ಲ.

ಇಡೋ ಜಾಗ. ಎಂಜಿನ್ ನೆಟ್ಟಗೆ ಸ್ಟ್ಯಾಂಡ್ ಮೇಲೆ, ಒಳಗಿನ ನೀರು ಇಳಿದು ಹೋಗ್ಲಿ. ಟಾರ್ಪಲ್ ಸುತ್ತಿ ಕಟ್ಟಿದ್ರೆ ಒಳಗೇ ಬೆವರುತ್ತೆ, ಹಳೇ ಹತ್ತಿ ಬೆಡ್‌ಶೀಟ್ ಸಾಕು. ಇನ್ನೊಂದು: ಜೂನ್‌ನಲ್ಲಿ ಅದೇ ಕೊಟ್ಟಿಗೆಗೆ ಅಡಿಕೆ ಕೊಳೆರೋಗದ ಔಷಧಿಗೆ ಅಂತ ಮೈಲುತುತ್ತದ ಚೀಲ ಬರುತ್ತೆ. ಅದರ ಪುಡಿ ಥಂಡಿಯಲ್ಲಿ ಕರಗಿ ಅಲ್ಯೂಮಿನಿಯಂ ಮೇಲೆ ಬಿದ್ರೆ ತಿಂದು ಹಾಕುತ್ತೆ. ಕಾರ್ಬೊರೇಟರ್ ಬಟ್ಟಲೂ ಅಲ್ಯೂಮಿನಿಯಂ ಜಾತಿದೇ. ಚೀಲ ಆ ಮೂಲೆ, ಎಂಜಿನ್ ಈ ಮೂಲೆ.

ಮಳೆ ಬಿಟ್ಟ ಮೇಲೆ ಹೊಸ ಪೆಟ್ರೋಲ್ ಹಾಕಿ ಉಂಡೆ ಒತ್ತಿ. ಗಟ್ಟಿ ಆಗಿ ನಿಲ್ಲಬೇಕು. ಒತ್ತಿದಷ್ಟೂ ಮೆತ್ತಗೇ ಇದ್ದು ಕಾರ್ಬೊರೇಟರಿಂದ ಪೆಟ್ರೋಲ್ ಸುರೀತಿದ್ರೆ ಸ್ಟಾರ್ಟ್ ಮಾಡ್ಬೇಡಿ, ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯೋ ಫ್ಲೋಟ್ ಸೂಜಿ ಅಂಟಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲಿಗೆ ಮೆತ್ತಗೆ ಎರಡು ಸಲ ತಟ್ಟಿ, ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತೆ. ಬಿಡದಿದ್ರೆ ಬಟ್ಟಲು ಬಿಚ್ಚಬೇಕು. ಸುರಿದದ್ದನ್ನ ಒರೆಸಿ, ವಾಸನೆ ಹೋಗೋ ತನಕ ಕಾದು, ಆಮೇಲೆ ಹಗ್ಗಕ್ಕೆ ಕೈ ಹಾಕಿ.