ಮೊದಲು ವೈರು, ಆಮೇಲೆ ಗ್ಯಾಜೆಟ್ಟು

ಟೇಬಲ್ ಮೇಲೆ ಹರಡಿರೋದೆಲ್ಲ ಕಾಣುತ್ತಿದೆ ಅಲ್ವಾ? ಹೊರಗೆ ಹೊರಟಾಗ ನನ್ನ ಬ್ಯಾಗಿಗೆ ಹೋಗುವ ಸಾಮಾನು ಇಷ್ಟೇ. ಫೋನು, ಲ್ಯಾಪ್‌ಟಾಪು, ಇಯರ್‌ಬಡ್ಸ್, ಇ-ರೀಡರ್, ಒಂದು ಸಣ್ಣ ಕ್ಯಾಮೆರಾ, ವಾಚು. ಯಾವ ಮಾಡೆಲ್ಲು, ಯಾವ ಕಂಪನಿ ಅಂತ ಇವತ್ತು ಹೇಳುವುದಿಲ್ಲ, ಯಾಕೆಂದರೆ ಈ ವಿಡಿಯೋ ನೀವು ನೋಡುವಷ್ಟರಲ್ಲಿ ಆ ಮಾಡೆಲ್ಲೇ ಹಳೇದಾಗಿರುತ್ತದೆ. ನಾನು ಹೊಸದೇನಾದರೂ ತಗೊಳ್ಳುವಾಗ ಮೊದಲು ನೋಡುವುದು ಚಾರ್ಜಿಂಗ್ ಪೋರ್ಟು. ಮೆಗಾಪಿಕ್ಸೆಲ್, ಹರ್ಟ್ಜ್, ಬಣ್ಣ, ಎಲ್ಲ ಆಮೇಲೆ. ಅದಕ್ಕೇ ಅಂತ ಬೇರೆ ವೈರು ಹೊರಬೇಕು ಅಂದರೆ, ಎಷ್ಟೇ ಒಳ್ಳೆ ಗ್ಯಾಜೆಟ್ ಆಗಿದ್ದರೂ ನನಗೆ ಬೇಡ.

ಮೊದಲೆಲ್ಲ ಈ ಹಟ ಹಿಡಿದು ಕೂತರೆ ಏನನ್ನೂ ಕೊಳ್ಳಲು ಆಗುತ್ತಿರಲಿಲ್ಲ. ಯುಎಸ್‌ಬಿ-ಸಿ, ಅಂದರೆ ಹೇಗೆ ತಿರುಗಿಸಿ ಹಾಕಿದರೂ ಕೂರುವ ಆ ಪುಟ್ಟ ಅಂಡಾಕಾರದ ಪೋರ್ಟು, ಬಂದದ್ದು 2014ರಲ್ಲಿ, ಆದರೆ ಎಲ್ಲರೂ ಅದರ ದಾರಿಗೆ ಬರಲು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಐಫೋನ್ ಈ ದಾರಿಗೆ ಬಂದದ್ದು 2023ರಲ್ಲಿ, 15ನೇ ಮಾಡೆಲ್‌ನಿಂದ. ಆಮೇಲೆ ಯುರೋಪಿಯನ್ ಒಕ್ಕೂಟದವರು 2024ರ ಡಿಸೆಂಬರ್ 28ರಿಂದ ತಮ್ಮಲ್ಲಿ ಮಾರುವ ಹೊಸ ಫೋನು, ಟ್ಯಾಬ್ಲೆಟ್ಟು, ಹೆಡ್‌ಫೋನುಗಳಿಗೆಲ್ಲ ಇದೇ ಪೋರ್ಟು ಇರಲೇಬೇಕು ಅಂತ ಮಾಡಿದರು. ಒಳ್ಳೇದೇ ಆಯಿತು.

ಪೋರ್ಟು ಒಂದಾಯಿತು, ಸರಿ. ಕೇಬಲ್ ಒಂದಾಗಲಿಲ್ಲ.

ಕ್ಯಾಮೆರಾಗೆ ಸ್ವಲ್ಪ ಹತ್ತಿರ ತರುತ್ತೇನೆ, ಈ ಎರಡು ಕೇಬಲ್ ನೋಡಿ. ಎರಡೂ ಬಿಳಿ, ಎರಡೂ ಒಂದೇ ಉದ್ದ, ಎರಡಕ್ಕೂ ಆ ತುದಿ ಈ ತುದಿ ಸಿ. ಎಡಗಡೆಯದು 3 ಆಂಪಿಯರ್‌ದು, 60 ವ್ಯಾಟ್ ದಾಟುವುದಿಲ್ಲ. ಬಲಗಡೆಯದು 5 ಆಂಪಿಯರ್, 240 ವ್ಯಾಟ್‌ವರೆಗೂ ತಡೆಯುತ್ತದೆ. ಬಲಗಡೆಯದರ ಪ್ಲಗ್ಗಿನ ಒಳಗೆ ಒಂದು ಪುಟ್ಟ ಚಿಪ್ ಕೂತಿದೆ. ನಾನು ಇಷ್ಟು ತಡೆದುಕೊಳ್ಳುತ್ತೇನೆ ಅಂತ ಅದು ಚಾರ್ಜರಿಗೆ ಹೇಳುತ್ತದೆ, ಆಗಲೇ ಚಾರ್ಜರು ಜಾಸ್ತಿ ಕರೆಂಟ್ ಬಿಡುವುದು. ಚಿಪ್ ಇಲ್ಲದಿದ್ದರೆ ಚಾರ್ಜರು 100 ವ್ಯಾಟ್‌ದೇ ಇರಲಿ, 60ಕ್ಕೆ ಕೈಕಟ್ಟಿ ಕೂರುತ್ತದೆ. ನಾವು ಮಾತ್ರ ಲ್ಯಾಪ್‌ಟಾಪ್ ನಿಧಾನಕ್ಕೆ ಚಾರ್ಜ್ ಆಗುತ್ತಿದೆ ಅಂತ ಚಾರ್ಜರನ್ನು ಬೈಯುತ್ತಾ ಇರುತ್ತೇವೆ, ಪಾಪ.

ಇನ್ನೊಂದು ಕಿತಾಪತಿ ಇದೆ. ವ್ಯಾಟ್ ಜಾಸ್ತಿ ಅಂದಮಾತ್ರಕ್ಕೆ ಡೇಟಾ ಸ್ಪೀಡೂ ಜಾಸ್ತಿ ಅಂತ ಅಂದುಕೊಳ್ಳಬೇಡಿ. ಚಾರ್ಜಿಂಗ್‌ಗೆ ಅಂತ ಮಾರುವ ಎಷ್ಟೋ ದಪ್ಪ ದಪ್ಪ ಕೇಬಲ್‌ಗಳು ಒಳಗೆ ಹಳೇ ಯುಎಸ್‌ಬಿ 2.0. ಅಂದರೆ ಸೆಕೆಂಡಿಗೆ 480 ಮೆಗಾಬಿಟ್, ಅಷ್ಟೇ. ಅದರಲ್ಲಿ 60 ಜಿಬಿ ವಿಡಿಯೋ ಕಾಪಿ ಮಾಡಲು ಕೂತರೆ ಅರ್ಧ ಗಂಟೆ ಹತ್ತಿರ ಹೋಗುತ್ತದೆ. ಅದೇ 10 ಗಿಗಾಬಿಟ್ ಕೇಬಲ್ ಆದರೆ, ಎರಡೂ ಕಡೆಯ ಪೋರ್ಟು ಅಷ್ಟು ಸ್ಪೀಡಿನವಾಗಿದ್ದು ಫೈಲು ಇಡುವ ಡ್ರೈವು, ಅಂದರೆ ಎಸ್‌ಎಸ್‌ಡಿ, ಚೆನ್ನಾಗಿದ್ದರೆ, ಒಂದೆರಡು ನಿಮಿಷದ ಕೆಲಸ. ಹೊರಗಿನಿಂದ ನೋಡಿ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಕೇಬಲ್ ಕವರಿನಿಂದ ತೆಗೆದ ತಕ್ಷಣ ತುದಿಗೆ ಟೇಪ್ ಸುತ್ತಿ ವ್ಯಾಟ್ ಎಷ್ಟು, ಸ್ಪೀಡ್ ಎಷ್ಟು ಅಂತ ಬರೆದುಬಿಡುತ್ತೇನೆ. ನೋಡಲು ಚೆಂದ ಇಲ್ಲ ನಿಜ, ಆದರೆ ಕತ್ತಲಲ್ಲಿ ಬ್ಯಾಗ್ ತಡಕಾಡುವಾಗ ಚೆಂದ ಯಾರಿಗೆ ಬೇಕು.

ಮತ್ತೆ ಈ ಪುಟ್ಟ ಲೈಟು. ಇದರಲ್ಲೂ ಸಿ ಪೋರ್ಟೇ ಇದೆ. ಸಿ ಟು ಸಿ ಕೇಬಲ್ ಹಾಕುತ್ತೇನೆ ನೋಡಿ... ಏನೂ ಇಲ್ಲ. ಹಳೇ ಆಯತಾಕಾರದ ಪ್ಲಗ್ ಇರುವ ಎ ಟು ಸಿ ಕೇಬಲ್ ಹಾಕಿದರೆ ಕೆಂಪು ದೀಪ ಹತ್ತಿತು. ಲೈಟ್ ಕೆಟ್ಟಿಲ್ಲ. ಸಿ ಪೋರ್ಟಿನ ಒಳಗೆ 5.1 ಕಿಲೋಓಮ್‌ನ ಎರಡು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ, ಇರಬೇಕು. ಅವು ಕಂಡರೆ ಮಾತ್ರ ಚಾರ್ಜರಿಗೆ ಅಲ್ಲೊಂದು ಸಾಧನ ಇದೆ ಅಂತ ತಿಳಿಯುವುದು, ಇಲ್ಲದಿದ್ದರೆ ಕರೆಂಟೇ ಬಿಡುವುದಿಲ್ಲ. ಚಿಲ್ಲರೆ ಉಳಿಸಲು ಅದನ್ನೂ ಬಿಟ್ಟು ಮಾಡುವವರಿದ್ದಾರೆ. ದೊಡ್ಡವರೂ ಇದರಲ್ಲಿ ಎಡವಿದ್ದಾರೆ ಬಿಡಿ, 2019ರಲ್ಲಿ ಬಂದ ಮೊದಲ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಎರಡು ಪಿನ್ನಿಗೆ ಸೇರಿ ಒಂದೇ ರೆಸಿಸ್ಟರ್ ಇತ್ತು, ಚಿಪ್ ಇರುವ ಕೇಬಲ್ ಹಾಕಿದರೆ ಆನ್ ಆಗುತ್ತಿರಲಿಲ್ಲ. ಸಣ್ಣಪುಟ್ಟ ಗ್ಯಾಜೆಟ್ ತಂದರೆ ಅವತ್ತೇ ಸಿ ಟು ಸಿ ಹಾಕಿ ನೋಡಿ. ಆಗದಿದ್ದರೆ ವಾಪಸ್ ಕೊಡಿ.

ಈಗ ಪವರ್‌ಬ್ಯಾಂಕ್. ಮುಂದೆ ದೊಡ್ಡದಾಗಿ 10000 ಎಂಎಎಚ್ ಅಂತ ಇದೆ, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ ಅದು. ನನ್ನ ಫೋನಿನ ಬ್ಯಾಟರಿ 5000, ಹಾಗಾದರೆ ಎರಡು ಸಲ ಫುಲ್ ಆಗಬೇಕು ಅಲ್ವಾ? ಆಗುವುದಿಲ್ಲ. ಹಿಂದೆ ತಿರುಗಿಸಿ, ಇರುವೆ ಸಾಲಿನ ಥರ ಇರುವ ಅಕ್ಷರದಲ್ಲಿ ರೇಟೆಡ್ ಕೆಪಾಸಿಟಿ ಅಂತ ಇರುತ್ತದೆ, ಸಾಮಾನ್ಯವಾಗಿ 6000ದ ಆಸುಪಾಸು. ಮೋಸ ಏನಲ್ಲ. ಆ 10000 ಒಳಗಿನ ಸೆಲ್‌ದು, 3.7 ವೋಲ್ಟ್‌ನಲ್ಲಿ. ಹೊರಗೆ ಬರುವಾಗ ಅದು 5 ವೋಲ್ಟ್ ಆಗಬೇಕು, ಲೆಕ್ಕದ ಪ್ರಕಾರವೇ 7400ಕ್ಕೆ ಇಳಿಯುತ್ತದೆ, ಬಿಸಿಯಾಗಿ ಹೋಗುವುದು ಬೇರೆ. ಫೋನಿನ 5000 ಕೂಡ 5 ವೋಲ್ಟ್‌ಗಿಂತ ಕಮ್ಮಿ ವೋಲ್ಟ್‌ನದ್ದೇ, ಹಾಗಾಗಿ ಫೋನಿಗೆ ಒಂದೂವರೆ ಸಲದ ಹತ್ತಿರ ಬಂದರೆ ಅದೇ ಸರಿಯಾದ ಪವರ್‌ಬ್ಯಾಂಕ್. ಮ್ಯಾಗ್ನೆಟ್‌ನಿಂದ ಬೆನ್ನಿಗೆ ಅಂಟುವ ವೈರ್‌ಲೆಸ್ ನಮೂನೆ ತಗೊಂಡರೆ ಅಷ್ಟೂ ಬರುವುದಿಲ್ಲ. ಅದು ಫೋಟೋದಲ್ಲಿ ಚೆನ್ನಾಗಿರುತ್ತದೆ, ಕೈಯಲ್ಲಿ ಬಿಸಿಯಾಗಿರುತ್ತದೆ, ನನಗಂತೂ ಇಷ್ಟ ಇಲ್ಲ.

ಎಂಎಎಚ್ ಬಿಟ್ಟು ವ್ಯಾಟ್-ಅವರ್, ಅಂದರೆ ವೋಲ್ಟನ್ನೂ ಸೇರಿಸಿದ ಒಟ್ಟು ಶಕ್ತಿಯ ಲೆಕ್ಕ, ನೋಡುವುದನ್ನು ರೂಢಿ ಮಾಡಿಕೊಳ್ಳಿ. 10000 ಅಂದರೆ 37, 20000 ಅಂದರೆ 74. ವಿಮಾನದಲ್ಲಿ ಕೇಳುವುದೂ ಅದನ್ನೇ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಕೈಬ್ಯಾಗಿನಲ್ಲಿ ಬಿಡುತ್ತಾರೆ, 100ರಿಂದ 160ರವರೆಗಿನದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತೇ ಇಲ್ಲ. 27000 ಅಂತ ವಿಚಿತ್ರ ನಂಬರಿನ ಪವರ್‌ಬ್ಯಾಂಕ್‌ಗಳು ಯಾಕಿವೆ ಅಂತ ಈಗ ಗೊತ್ತಾಯಿತಲ್ಲ, ಅದು 99.9 ವ್ಯಾಟ್-ಅವರ್! ಅಂಚಿನಲ್ಲೇ ನಿಲ್ಲಿಸಿದ್ದಾರೆ. ಮೈಮೇಲಿನ ಪ್ರಿಂಟ್ ಉಜ್ಜಿ ಹೋಗಿದ್ದರೆ ಅಂಥದ್ದನ್ನು ಏರ್‌ಪೋರ್ಟಿಗೆ ಒಯ್ಯಬೇಡಿ, ಓದಲು ಬಾರದ ಪವರ್‌ಬ್ಯಾಂಕನ್ನು ಎತ್ತಿಟ್ಟುಕೊಳ್ಳುವ ಸಾಧ್ಯತೆ ಇದೆ.

ಚಾರ್ಜರು ಒಂದೇ ಸಾಕು, 65 ವ್ಯಾಟ್, ಎರಡು ಸಿ ಪೋರ್ಟು. ಎರಡನೇ ವೈರು ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ಒಂದು ಕ್ಷಣ ಚಾರ್ಜ್ ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ, ಗಾಬರಿ ಬೇಡ. 65ನ್ನು ಇಬ್ಬರಿಗೂ ಹಂಚಲು ಹೊಸದಾಗಿ ಮಾತುಕತೆ ನಡೆಯುತ್ತಿರುತ್ತದೆ. ರಾತ್ರಿ ಲ್ಯಾಪ್‌ಟಾಪಿಗೆ ಪೂರ್ತಿ ಬೇಕು ಅಂದರೆ ಅದೊಂದನ್ನೇ ಹಾಕಿ.

ಇಯರ್‌ಬಡ್ಸ್ ಬಗ್ಗೆ ಒಂದೇ ಮಾತು. ಬ್ಯಾಟರಿ ಕಡಲೆಕಾಳಿನಷ್ಟು, ಹೆಚ್ಚಿನವುಗಳಲ್ಲಿ ಬದಲಾಯಿಸಲೂ ಆಗುವುದಿಲ್ಲ, ಎರಡು ಮೂರು ವರ್ಷದಲ್ಲಿ ಸೊರಗುತ್ತವೆ. ಸುಮ್ನೆ ತುಂಬಾ ದುಡ್ಡು ಸುರಿಯಬೇಡಿ. ಇ-ರೀಡರ್ ಇದಕ್ಕೆ ಉಲ್ಟಾ, ಅದರ ಪರದೆಗೆ ಪುಟ ತಿರುಗುವಾಗ ಮಾತ್ರ ಕರೆಂಟ್ ಬೇಕು. ಹಾಗಾಗಿ ವಾರಗಟ್ಟಲೆ ಅದರ ನೆನಪೇ ಬರುವುದಿಲ್ಲ.

ಉಳಿದದ್ದು ವಾಚು. ಇದೊಂದಕ್ಕೆ ನನ್ನ ಹಟ ನಡೆಯಲಿಲ್ಲ, ಅದರದೇ ಮ್ಯಾಗ್ನೆಟ್ ಬಿಲ್ಲೆ ಹೊರಲೇಬೇಕು, ಬೇರೆ ದಾರಿ ಇಲ್ಲ. ಇದನ್ನು ಪವರ್‌ಬ್ಯಾಂಕಿಗೆ ಹಾಕಿ ಮಲಗಿದರೆ ಬೆಳಿಗ್ಗೆ ಚಾರ್ಜ್ ಅರ್ಧಕ್ಕೇ ನಿಂತಿರುತ್ತದೆ, ಕೆಲವರಿಗೆ ಹೀಗಾಗಿರಬೇಕು. ವಾಚು ಎಳೆಯುವ ಕರೆಂಟ್ ತೀರಾ ಕಮ್ಮಿ, ಏನೂ ಸಿಕ್ಕಿಸಿಲ್ಲ ಅಂತ ಪವರ್‌ಬ್ಯಾಂಕ್ ತಾನೇ ಆಫ್ ಆಗಿಬಿಡುತ್ತದೆ. ಹಲವು ಪವರ್‌ಬ್ಯಾಂಕ್‌ಗಳಲ್ಲಿ ಪಕ್ಕದ ಬಟನ್ ಎರಡು ಸಲ ಒತ್ತಿದರೆ ಕಮ್ಮಿ ಕರೆಂಟಿನ ಮೋಡ್ ಆನ್ ಆಗುತ್ತದೆ, ಜೊತೆಗೆ ಬಂದ ಚೀಟಿಯಲ್ಲಿ ಬರೆದಿರುತ್ತದೆ. ಆ ಮೋಡ್ ಇಲ್ಲವಾ? ಇನ್ನೊಂದು ಪೋರ್ಟಿಗೆ ಫೋನನ್ನೂ ಸಿಕ್ಕಿಸಿಡಿ, ಫೋನ್ ಚಾರ್ಜ್ ಆಗುತ್ತಿರುವಷ್ಟು ಹೊತ್ತು ವಾಚೂ ಆಗುತ್ತದೆ.